ಒಂದೇ ಸಾಲಿನ ಪೇಟಿ ಮಾಸ್ತರ

ನನ್ನ ಗಂಡ ಮೂವತ್ತನಾಲ್ಕು ವರ್ಷಗಳಿಂದ ಒಂದೇ ಸಾಲು ನುಡಿಸುತ್ತಿದ್ದಾರೆ. ತಮಾಷೆಗೆ ಹೇಳುತ್ತಿಲ್ಲ. ತಬಲಾ ಒಂದನ್ನೇ ಮುಂದಿಟ್ಟುಕೊಂಡು ತಾಸುಗಟ್ಟಲೆ ಬಾರಿಸುವ ದೊಡ್ಡವರ ಪಕ್ಕದಲ್ಲಿ ಒಬ್ಬ ಪೇಟಿ ಹಿಡಿದು ಕೂತಿರುತ್ತಾನಲ್ಲ, ಯಾರೂ ಅವನ ಮುಖ ನೋಡುವುದಿಲ್ಲವಲ್ಲ, ಅವನೇ ಇವರು. ಪೇಟಿ ಎಂದರೆ ಹಾರ್ಮೋನಿಯಂ, ನಮ್ಮ ಗದಗಿನ ಕಡೆ ಹಾಗೇ ಅನ್ನುವುದು. ಹದಿನಾರು ಎಣಿಕೆಗೆ ಸರಿಯಾಗಿ ಕೂರುವ ಒಂದು ಪುಟ್ಟ ಸಾಲು. ಮುಗಿದ ಕೂಡಲೇ ಮತ್ತೆ ಅದೇ, ಮತ್ತೆ ಅದೇ. ಇಲ್ಲಿ ಕಾಶಿಯವರು ಅದಕ್ಕೆ ಲೆಹರಾ ಅನ್ನುತ್ತಾರೆ. ತಬಲಾದವರು ಆ ಸಾಲಿನ ಮೇಲೆ ಏನು ಬೇಕಾದರೂ ಆಟ ಆಡಬಹುದು, ಎಲ್ಲಿ ಬೇಕಾದರೂ ಅಲೆದು ಬರಬಹುದು. ಆದರೆ ಕೊನೆಗೆ ಸಾಲಿನ ಮೊದಲ ಎಣಿಕೆಯ ಮೇಲೆ ಪೇಟಿಯ ಜೊತೆಗೇ ಬಂದು ಬೀಳಬೇಕು. ಆ ಜಾಗಕ್ಕೆ ಸಮ್ ಎಂದು ಹೆಸರು. ಇಬ್ಬರೂ ಕೂಡಿ ಬಿದ್ದರೆ ಜನ "ಹರ ಹರ ಮಹಾದೇವ" ಎಂದು ಕೂಗುತ್ತಾರೆ. ಬೀಳದಿದ್ದರೆ ಮಾನ ಹೋದಂತೆ.

ಮದುವೆಯಾಗಿ ಕಾಶಿಗೆ ಬಂದ ಹೊಸತರಲ್ಲಿ ನನಗೆ ಇದೊಂದೂ ಗೊತ್ತಿರಲಿಲ್ಲ. ನಮ್ಮ ಅಪ್ಪ ಊರಲ್ಲೆಲ್ಲ "ಅಳಿಯ ದೊಡ್ಡ ಸಂಗೀತಗಾರ" ಎಂದು ಹೇಳಿಕೊಂಡು ತಿರುಗಿದ್ದ. ಮೊದಲ ಸಲ ಇವರ ಜೊತೆ ಹೋಗಿ ಕೂತು ಅರ್ಧ ತಾಸು ಕಾದೆ. ಮನೆಗೆ ಬಂದ ಮೇಲೆ ಕೇಳಿದೆ.

"ಮುಂದಿಂದು ಯಾವಾಗ ಬಾರಸ್ತೀರಿ?"

"ಮುಂದಿಂದು ಇಲ್ಲ. ಅಷ್ಟ."

"ಅಯ್ಯ ಶಿವನ! ಅಷ್ಟಕ್ಕ ಕಾಶೀತನಕಾ ಬಂದ್ರೇನು?"

ಇವರು ನಕ್ಕರು. ಬೈದರೂ ನಗುವ ಮನುಷ್ಯ, ಅದೇ ನನಗೆ ಸಿಟ್ಟು. ಹೆಸರು ತೋಂಟೇಶ. ಇಪ್ಪತ್ತೆರಡನೆಯ ವಯಸ್ಸಿಗೆ ಸಂಸ್ಕೃತ ಓದಲೆಂದು ಇಲ್ಲಿಯ ನಮ್ಮ ಮಠಕ್ಕೆ ಬಂದವರು. ಸಂಸ್ಕೃತ ಅರ್ಧಕ್ಕೇ ನಿಂತಿತು. ಹಗಲು ಮಠದ ಆಫೀಸಿನಲ್ಲಿ ಕೂತು ಬೀದರ, ಕಲಬುರ್ಗಿಯಿಂದ ಬರುವ ಯಾತ್ರಿಕರಿಗೆ ಕೋಣೆ ಕೊಡುತ್ತಾರೆ, ವಿಶ್ವನಾಥ ಗಲ್ಲಿಗೆ ದಾರಿ ಹೇಳುತ್ತಾರೆ. ಸಂಜೆಯಾದರೆ ಕಬೀರ್ ಚೌರಾದಲ್ಲಿ ಗೌರೀನಾಥ ಮಹಾರಾಜರ ಮನೆ. ಮಹಾರಾಜರು ತಬಲಾದವರು, ಇವರ ಗುರು. ಈಗ ಎಪ್ಪತ್ತೊಂಬತ್ತು ವಯಸ್ಸು. ಟೀವಿಯಲ್ಲಿ ಬರುವಷ್ಟು ಹೆಸರಿಲ್ಲ, ಆದರೆ ಈ ಊರಿನ ಗಲ್ಲಿಗಳಲ್ಲಿ ಅವರು ನಡೆದು ಬಂದರೆ ಪಾನ್ ಅಂಗಡಿಯವನೂ ಎದ್ದು ನಿಲ್ಲುತ್ತಾನೆ.

ಈ ಊರಲ್ಲಿ ಸಂಗೀತಕ್ಕೆ ಕೊರತೆ ಇಲ್ಲ ಮಾರಾಯರೆ. ಬೆಳಗಾದರೆ ಅಸ್ಸೀ ಘಾಟಿನಲ್ಲಿ ಮೈಕು ಹಚ್ಚಿ ರಾಗ ಹಾಡುತ್ತಾರೆ. ನಾವಿರುವ ಶಿವಾಲದ ಓಣಿಯಲ್ಲಿ ಮನೆಗೊಂದು ಸಂಗೀತ ಶಾಲೆಯ ಬೋರ್ಡು. ಹತ್ತು ದಿನದಲ್ಲಿ ತಬಲಾ ಕಲಿತು ವಿಮಾನ ಹತ್ತುವ ಪರದೇಶದವರು ಮಧ್ಯಾಹ್ನದ ನಿದ್ದೆ ಕೆಡಿಸುತ್ತಾರೆ. ಆದರೆ ಅಸಲು ಸಂಗೀತ ನಡೆಯುವುದು ಸಣ್ಣ ಸಣ್ಣ ಗುಡಿಗಳ ಶೃಂಗಾರದ ದಿನ. ವರ್ಷಕ್ಕೊಮ್ಮೆ ದೇವರಿಗೆ ಹೂವಿನ ಅಲಂಕಾರ ಮಾಡಿ, ಅಂಗಳದಲ್ಲಿ ಜಮಖಾನೆ ಹಾಸುತ್ತಾರೆ. ಕಲಾವಿದರು ಒಬ್ಬೊಬ್ಬರಾಗಿ ಬಂದು ದೇವರ ಮುಂದೆ ಹಾಜರಿ ಕೊಟ್ಟು ಹೋಗುತ್ತಾರೆ, ಯಾರೂ ಏನೂ ಕೇಳುವುದಿಲ್ಲ. ಕೇಳಲು ಕೂರುವವರು ರೇಷ್ಮೆ ಅಂಗಡಿಯವರು, ಪೂಜಾರಿಗಳು, ಹಾಲು ಮಾರುವವರು. ಅವರ ಬಾಯಲ್ಲಿ ಪಾನ್, ಕೈಯಲ್ಲಿ ತಾಳ. ಆ ಕೈಗಳನ್ನು ಕಂಡರೆ ಈಗ ನನಗೆ ಹೆದರಿಕೆ.

ಹೋದ ಶ್ರಾವಣದ ತನಕ ಹೆದರಿಕೆ ಇರಲಿಲ್ಲ. ಒಂದು ಸಂಜೆ ಇವರು ಮಹಾರಾಜರ ಮನೆಯಿಂದ ಬಂದವರೇ ಕೈಕಾಲು ತೊಳೆಯದೆ ಕಟ್ಟೆಯ ಮೇಲೆ ಕೂತರು. ರೊಟ್ಟಿ ಬಡಿಸಿದೆ, ಮುಟ್ಟಲಿಲ್ಲ. "ಏನಾತ್ರೀ?" ಎಂದರೆ "ಏನಿಲ್ಲ ಬಿಡು." ಮರುದಿನವೂ ಅದೇ. ಮೂರನೆಯ ದಿನ ನಾನು ತಾಟು ಎತ್ತಿ ಒಳಗೆ ಇಟ್ಟುಬಿಟ್ಟೆ.

"ಹೇಳೂತನಕಾ ಊಟ ಇಲ್ಲ."

ಆಗ ಬಾಯಿ ಬಿಟ್ಟರು. "ತಾರಾ, ಮಹಾರಾಜರಿಗೆ ಎಣಿಕಿ ತಪ್ಪಾಕತ್ತೈತಿ."

"ವಯಸ್ಸಾತು. ಒಮ್ಮೊಮ್ಮೆ ತಪ್ಪಿರ್ತದ."

"ಒಮ್ಮೊಮ್ಮೆ ಅಲ್ಲ. ತಪ್ಪಿದ್ದು ಅವರಿಗೆ ಗೊತ್ತೂ ಆಗವಲ್ದು."

"ಹಂಗಾದ್ರ ಸಮ್ ಹೆಂಗ ಕೂಡ್ತು?"

"ನಾನು ಸಾಲು ಕತ್ತರಿಸಿದೆ."

ಅದನ್ನು ನನಗೆ ತಿಳಿಸಿ ಹೇಳಲು ಇವರಿಗೆ ಅರ್ಧ ತಾಸು ಬೇಕಾಯಿತು. ಮಹಾರಾಜರು ಹದಿನಾರು ಮುಗಿಯುವ ಬದಲು ಹದಿನೈದು ಮುಗಿದ ಕೂಡಲೇ ಬಂದು ಬೀಳುತ್ತಾರೆ. ಬೀಳುವ ಸೂಚನೆ ಇವರಿಗೆ ಮೊದಲೇ ಸಿಗುತ್ತದೆ, ಮೂವತ್ತನಾಲ್ಕು ವರ್ಷ ಅವರ ಪಕ್ಕದಲ್ಲಿ ಕೂತವರಲ್ಲವೆ. ಕೂಡಲೇ ಇವರು ತಮ್ಮ ಸಾಲಿನಿಂದ ಒಂದು ಎಣಿಕೆ ಹಾರಿಸಿ ಓಡಿ ಬಂದು ಅವರ ಜೊತೆ ಸೇರಿಕೊಳ್ಳುತ್ತಾರೆ. ಮಹಾರಾಜರಿಗೆ ಸಮ್ ಸಿಕ್ಕಿತು. ಆದರೆ ಸಾಲು ಮೊಟಕಾಯಿತು. ತಬಲಾದ ಬೋಲು ಎಲ್ಲಿ ಹೋಗಿ ಎಲ್ಲಿ ಬಂತೆಂದು ಲೆಕ್ಕ ಹಿಡಿಯುವವರು ಊರಿಗೆ ನಾಲ್ಕು ಜನ. ಪೇಟಿಯ ಸಾಲು ಮುರಿದದ್ದು ಮಾತ್ರ ಹಾಲು ಮಾರುವವನಿಗೂ ಕೇಳುತ್ತದೆ. ತಪ್ಪು ಯಾರ ತಲೆಗೆ ಬಂತು ಹೇಳಿ.

"ನೀವ್ಯಾಕ ಕತ್ತರಸ್ತೀರಿ? ನಿಮ್ಮ ಸಾಲು ನೀವು ನೆಟ್ಟಗ ಬಾರಸ್ರಿ."

"ನೆಟ್ಟಗ ಬಾರಸಿದ್ರ ಅವರ ತಪ್ಪು ಜನಕ್ಕ ಕಾಣ್ತದ. ಸಮ್ ಅಂದ್ರ ಏನು ಅಂತ ನನಗ ಕಲಿಸಿದ ಮನುಷ್ಯಾ ಅವ. ಅವನ ತಪ್ಪು ನಾ ತೋರಸ್ಲೇನು? ತನಗ ಮರವು ಬಂದೈತಿ ಅಂತ ಗೊತ್ತಾದ ದಿನಾ ತಬಲಾ ಕೆಳಗಿಡ್ತಾನ. ತಬಲಾ ಇಟ್ಟ ಮ್ಯಾಲೆ ಉಳಿಯೂದಿಲ್ಲ."

ಅಷ್ಟಕ್ಕೇ ಬಿಡಲಿಲ್ಲ, ಯಾರಿಗೂ ಹೇಳುವುದಿಲ್ಲ ಎಂದು ನನ್ನಿಂದ ಲಿಂಗದಾಣೆ ಮಾಡಿಸಿದರು. ಕೊರಳಲ್ಲಿದ್ದ ಲಿಂಗವನ್ನು ಹಿಡಿದು ಮಾತು ಕೊಟ್ಟೆ.

ಅಂದಿನಿಂದ ನನ್ನ ನೆಮ್ಮದಿ ಹಾಳಾಯಿತು. ಇವರು ಎಲ್ಲಿ ಕೂತರೂ ನಾನು ಹಿಂದೆ ಹೋಗಿ ಕೂರತೊಡಗಿದೆ. ಹೆಬ್ಬೆರಳಿನಿಂದ ನಾಲ್ಕು ಬೆರಳುಗಳ ಗೆಣ್ಣು, ತುದಿ ಮುಟ್ಟುತ್ತಾ ಹೋದರೆ ಹದಿನಾರು ಆಗುತ್ತದೆ ಎಂದು ಇವರೇ ಕಲಿಸಿಕೊಟ್ಟರು. ಸೆರಗಿನ ಒಳಗೆ ಕೈ ಇಟ್ಟುಕೊಂಡು ಎಣಿಸುವುದೇ ಎಣಿಸುವುದು. ಮಹಾರಾಜರು ಜೋರು ಹಿಡಿದರೆ ನನ್ನ ಹೆಬ್ಬೆರಳೂ ಓಡುತ್ತಿತ್ತು. ಭಾದ್ರಪದದಲ್ಲಿ ಒಮ್ಮೆ ತಪ್ಪಿತು, ದಸರೆಯಲ್ಲಿ ಎರಡು ಸಲ. ಪ್ರತಿ ಸಲ ಸಾಲು ಎಗರಿದಾಗ ಮುಂದೆ ಕೂತ ಕೈಗಳು ಗಾಳಿಯಲ್ಲೇ ನಿಂತುಬಿಡುತ್ತಿದ್ದವು. ಆಮೇಲೆ ತಲೆಗಳು ಇವರ ಕಡೆ ತಿರುಗುತ್ತಿದ್ದವು.

ಇವರು ಇಳಿದುಹೋದರು. ಊಟದ ತಾಟಿನ ಅಂಚಿನ ಮೇಲೂ ಬೆರಳು ಆಡಿಸುತ್ತಿದ್ದರು. ಮಠದಲ್ಲಿ ಒಂದೇ ಕೋಣೆಯನ್ನು ಬೀದರದ ಎರಡು ಕುಟುಂಬಗಳಿಗೆ ಬರೆದುಕೊಟ್ಟು ದೊಡ್ಡ ರಂಪವಾಯಿತು. ಆಫೀಸಿನ ಹಿರಿಯರಾದ ದಾನಯ್ಯನವರು ನನ್ನನ್ನೇ ಕರೆದು ಕೇಳಿದರು.

"ತಂಗೀ, ತೋಂಟೇಶಂದು ಚಿತ್ತ ಎಲ್ಲಿರ್ತದ? ಡಾಕ್ಟರಿಗೆ ತೋರಸ್ಬಾರ್ದ?"

ಆ ಮಾತು ನನ್ನ ತಲೆಯಲ್ಲಿ ಹುಳ ಬಿಟ್ಟಿತು. ತಪ್ಪು ಮಹಾರಾಜರದೆಂದು ಹೇಳಿದವರು ಯಾರು? ಇವರೇ. ನನ್ನ ಗೆಣ್ಣು ಎಣಿಕೆಯ ಮೇಲೆ ನನಗೇ ಭರವಸೆ ಇಲ್ಲ, ಮೈಕಿನ ಗದ್ದಲದಲ್ಲಿ ಎಷ್ಟೋ ಸಲ ದಾರಿ ತಪ್ಪುತ್ತಿತ್ತು. ಒಂದು ವೇಳೆ ಮರೆವು ಬಂದದ್ದು ಇವರಿಗೇ ಆಗಿದ್ದರೆ? ತನ್ನ ತಪ್ಪನ್ನು ಗುರುವಿನ ತಲೆಗೆ ಕಟ್ಟಿ, ಅದನ್ನೇ ನಿಜವೆಂದು ನಂಬಿ ಕೂತಿದ್ದರೆ? ಗಂಡನ ಮೇಲೆ ಇಂಥ ಗುಮಾನಿ ಪಡುವುದು ಪಾಪ ಎಂದು ಗೊತ್ತು. ಆದರೂ ಪಟ್ಟೆ. ಬೀಗ ಹಾಕಿದ್ದಾರೋ, ಗ್ಯಾಸು ಆರಿಸಿದ್ದಾರೋ ಎಂದು ಕಳ್ಳಿಯ ಹಾಗೆ ಅವರ ಹಿಂದೆ ಹಿಂದೆ ನೋಡಿಕೊಂಡು ತಿರುಗಿದೆ. ಒಮ್ಮೆಯೂ ಮರೆತಿರಲಿಲ್ಲ, ಆದರೂ ಜೀವಕ್ಕೆ ಸಮಾಧಾನವಿಲ್ಲ.

ಮಗಳು ಶಿವಗಂಗಾ ಕಾಲೇಜಿಗೆ ಹೋಗುವವಳು, ಅರ್ಧ ಹಿಂದಿಯಲ್ಲೇ ಮಾತಾಡುತ್ತಾಳೆ. "ಮಮ್ಮೀ, ಈಗ ಲೆಹರಾ ಫೋನ್‌ನ್ಯಾಗ ಬರ್ತದ. ಪಾಪಾಗ ಆರಾಮ್ ಮಾಡ್ಲಿಕ್ಕೆ ಹೇಳು ನಾ," ಎಂದಳು. ಅವಳ ತಲೆಯ ಮೇಲೆ ಮೊಟಕಿದೆ. ಅವಳಿಗೇನು ಗೊತ್ತು ಪಾಪ.

ಫಾಲ್ಗುಣದಲ್ಲಿ ಮಹಾರಾಜರ ಮನೆಯ ಹತ್ತಿರದ ಹನುಮಂತನ ಗುಡಿಯ ಶೃಂಗಾರ ಬಂತು. ಅವರದೇ ಮೊಹಲ್ಲಾ, ಅವರದೇ ಜನ. ಸಂಜೆ ಏಳಕ್ಕೆ ಮಹಾರಾಜರೂ ಇವರೂ ಕೂತರು. ಮಹಾರಾಜರ ಮಗ ಪ್ರಕಾಶ ಎದುರಿಗೆ ಕೂತು ಕೈಯಲ್ಲಿ ತಾಳ ಹಾಕುತ್ತಿದ್ದ. ಮೊದಲ ಮುಕ್ಕಾಲು ತಾಸು ಚಿನ್ನದಂಥ ವಾದನ. ನಾನು ಉಸಿರು ಬಿಡಲು ಶುರು ಮಾಡಿದ್ದೆ. ಅಷ್ಟರಲ್ಲಿ ಮಹಾರಾಜರು ಒಂದು ಉದ್ದನೆಯ ತುಂಡು ಹಿಡಿದರು. ಇವರ ಕುತ್ತಿಗೆಯ ನರ ಎದ್ದದ್ದು ನನಗೆ ಕಾಣಿಸಿತು. ಈ ಸಲ ಒಂದಲ್ಲ, ಮೂರು ಎಣಿಕೆ ತಪ್ಪಿತ್ತಂತೆ. ಇವರು ಸಾಲಿನ ನಡುವಿನಿಂದಲೇ ಜಿಗಿದರು. ಸಮ್ ಕೂಡಿತು, ಆದರೆ ಹಾಡು ಕೇಳುತ್ತಿರುವಾಗ ಕರೆಂಟು ಹೋಗಿ ಬಂದ ಹಾಗೆ ಎಲ್ಲರಿಗೂ ಗೊತ್ತಾಗುವಂತೆ ಎಗರಿತು. ಹಿಂದಿನಿಂದ ಯಾರೋ "ಲೆಹರಾ ಸಂಭಾಲಾ ಹೋ!" ಸಾಲು ಸಂಭಾಳಿಸಪ್ಪಾ, ಎಂದು ಕೂಗಿದರು. ನಗು ಎದ್ದಿತು.

ಮಹಾರಾಜರು ತಬಲಾ ನಿಲ್ಲಿಸಿಬಿಟ್ಟರು. ಮೂವತ್ತನಾಲ್ಕು ವರ್ಷದಲ್ಲಿ ಎಂದೂ ಮಾಡದ ಕೆಲಸ. ಮೈಕಿನ ಮುಂದೆಯೇ ಇವರ ಕಡೆ ತಿರುಗಿ ಹಿಂದಿಯಲ್ಲಿ ಕೇಳಿದರು:

"ಕಾ ಹೋ ತೋಂಟೇಶ, ನಿದ್ದೆ ಬಂತೇನು? ಹನುಮಾನಜೀ ಮುಂದೆ ಕೂತು ಹದಿನಾರು ಎಣಿಸಲು ಬರುವುದಿಲ್ಲವೆ?"

ಇವರು ಪೇಟಿಯ ಮೇಲಿನಿಂದ ಕೈ ಎತ್ತಿ, ಎರಡೂ ಕಿವಿ ಹಿಡಿದುಕೊಂಡರು. "ತಪ್ಪಾಯಿತು ಗುರೂಜಿ. ನನ್ನದೇ ತಪ್ಪು."

ಐವತ್ತೊಂಬತ್ತು ವರ್ಷದ ಗಂಡಸು, ತುಂಬಿದ ಅಂಗಳದಲ್ಲಿ ಕಿವಿ ಹಿಡಿದುಕೊಳ್ಳುವುದನ್ನು ಹೆಂಡತಿಯಾದವಳು ನೋಡಬಾರದು. ನಾನು ನೋಡಿದೆ. ಎದ್ದು ಕೂಗಿಬಿಡಲೇ ಎನ್ನಿಸಿತು. ಆಣೆ ನೆನಪಾಗಿ ಸೆರಗನ್ನು ಬಾಯಿಗೆ ಒತ್ತಿಕೊಂಡೆ.

ಮರುದಿನವೇ ಪ್ರಕಾಶನ ಫೋನು ಬಂತು. ಇವರನ್ನು ಚಾಚಾಜಿ, ಕಾಕಾ, ಎಂದೇ ಕರೆಯುವವನು ತುಂಬ ನಯವಾಗಿ ಮಾತಾಡಿದ. ಚಾಚಾಜಿ ದಣಿದಿದ್ದಾರೆ, ಕೆಲವು ದಿನ ವಿಶ್ರಾಂತಿ ತಗೊಳ್ಳಲಿ, ಅಲ್ಲಿಯ ತನಕ ತನ್ನ ತಂದೆ ಬಾಬೂಜಿ ಫೋನಿನ ಲೆಹರಾ ಮೇಲೆ ದಿನದ ಅಭ್ಯಾಸ, ರಿಯಾಜ್, ಮಾಡುತ್ತಾರೆ ಎಂದ. ಇವರು "ಆಯಿತು ಬೇಟಾ" ಎಂದು ಫೋನಿಟ್ಟರು. ಇಟ್ಟವರು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರು.

"ಹೋಗ್ಲಿ ಬಿಡ್ರಿ. ಇನ್ನ ಮನ್ಯಾಗ ಆರಾಮ ಇರ್ರಿ," ಎಂದೆ.

"ನನ್ನ ಚಿಂತಿ ಅಲ್ಲ ತಾರಾ. ಫೋನು ನನ್ನಂಗ ಎಣಿಕಿ ಹಾರಸೂದಿಲ್ಲ. ಫೋನಿನ ಮುಂದ ಕುಂತ್ರ ಅವರಿಗೆ ಗೊತ್ತಾಗಿಬಿಡ್ತದ."

ನೋಡಿ ಈ ಮನುಷ್ಯನನ್ನು! ಊರೆಲ್ಲ ಬಾಯಿಗೆ ಬಂದಂತೆ ಆಡುತ್ತಿದೆ, ಇವರಿಗೆ ಗುರುವಿನ ಚಿಂತೆ. ನಾಲ್ಕು ದಿನ ಹಾಗೇ ಕಳೆದೆವು. ಮಠದಿಂದ ಬಂದವರು ನೆಟ್ಟಗೆ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದರು. ಪೇಟಿಯ ಮೇಲೆ ಹೊದಿಸಿದ ಬಟ್ಟೆ ತೆಗೆಯಲಿಲ್ಲ. ಐದನೆಯ ದಿನ ನನಗೆ ತಡೆಯಲಾಗಲಿಲ್ಲ. ಬೆಳಿಗ್ಗೆ ಇವರು ಮಠಕ್ಕೆ ಹೋದ ಮೇಲೆ ಟೋಟೋ ರಿಕ್ಷಾ ಹತ್ತಿ ಕಬೀರ್ ಚೌರಾಕ್ಕೆ ಹೊರಟೆ. ಆಣೆ ಮುರಿದರೆ ಮುರಿಯಲಿ, ನರಕಕ್ಕೆ ನಾನು ಹೋಗುತ್ತೇನೆ, ಗಂಡನ ಹೆಸರು ಉಳಿಯಲಿ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ.

ಬಾಗಿಲಲ್ಲೇ ಮಹಾರಾಜರು ಎದುರಾದರು. "ಬಾ ಬಹೂ, ಬಾ," ಎಂದು ಕರೆದು, ನಾನು ಕಾಲು ಮುಟ್ಟುವ ಮೊದಲೇ ಕೇಳಿದರು: "ತೋಂಟೇಶ ಹೇಗಿದ್ದಾನೆ? ಅವತ್ತು ಎಲ್ಲರ ಮುಂದೆ ಬೈದುಬಿಟ್ಟೆ. ಮೂರು ದಿನ ನನಗೆ ಅನ್ನ ಇಳಿಯಲಿಲ್ಲ. ಒಳ್ಳೆಯ ಡಾಕ್ಟರಿಗೆ ತೋರಿಸು ಮಗಳೇ. ಅವನ ಬುದ್ಧಿ ಕದಲುತ್ತಿದೆ."

ಕಣ್ಣಲ್ಲಿ ನೀರಿತ್ತು, ನಾಟಕವಲ್ಲ. ಜೋಡಿಸಿಕೊಂಡು ಬಂದ ಮಾತು ಒಂದೂ ಹೊರಬೀಳಲಿಲ್ಲ. ಆಣೆಗೆ ಹೆದರಿ ಸುಮ್ಮನಾದೆನೆಂದರೆ ಸುಳ್ಳಾಗುತ್ತದೆ. ಆ ಮುಖಕ್ಕೆ ಅದನ್ನು ಹೇಳಲು ನನ್ನಿಂದ ಆಗಲಿಲ್ಲ, ಅಷ್ಟೇ.

ಅವರು ಒಳಗೆ ಹೋಗಿ ರಿಯಾಜಿಗೆ ಕೂತರು. ಪ್ರಕಾಶ ಫೋನನ್ನು ಡಬ್ಬಿಯಂಥ ಸ್ಪೀಕರಿಗೆ ಜೋಡಿಸಿದ. ಲೆಹರಾ ಶುರುವಾಯಿತು, ತಪ್ಪಿಲ್ಲದೆ, ಜೀವವಿಲ್ಲದೆ. ನಾನು ಹೊಸ್ತಿಲ ಹತ್ತಿರ ಕೂತು ಗೆಣ್ಣು ಎಣಿಸಿದೆ. ಅಲ್ಲಿ ಗದ್ದಲವಿರಲಿಲ್ಲ, ಎಣಿಕೆ ತಪ್ಪಲು ಕಾರಣವೂ ಇರಲಿಲ್ಲ. ಹತ್ತು ನಿಮಿಷದ ಮೇಲೆ ಮಹಾರಾಜರು ಒಂದು ತುಂಡು ಮುಗಿಸಿ ಸಮ್‌ಗೆ ಬಂದು ಬಿದ್ದರು. ನನ್ನ ಹೆಬ್ಬೆರಳು ಹದಿನಾಲ್ಕರ ಮೇಲಿತ್ತು. ಫೋನು ತನ್ನ ಪಾಡಿಗೆ ಹದಿನೈದು, ಹದಿನಾರು ನುಡಿಸಿಕೊಂಡು ಬಂದು ಸಮ್ ಹೇಳಿತು. ಮಹಾರಾಜರು ಹುಬ್ಬು ಗಂಟಿಕ್ಕಿ ಮತ್ತೆ ಬಾರಿಸಿದರು. ಮತ್ತೆ ಹಾಗೇ ಆಯಿತು.

"ಪ್ರಕಾಶ, ಈ ಡಬ್ಬಿ ಕೆಟ್ಟಿದೆ. ತಾಳ ತಪ್ಪುತ್ತಿದೆ," ಎಂದರು.

ಪ್ರಕಾಶನೂ ತಬಲಾದವನೇ, ಅವನ ಕೈ ಮಂಡಿಯ ಮೇಲೆ ಹದಿನಾಲ್ಕರಲ್ಲೇ ನಿಂತಿತ್ತು. ತಲೆ ಎತ್ತಿ ನನ್ನನ್ನು ನೋಡಿದ. ನನ್ನ ಹೆಬ್ಬೆರಳನ್ನೂ ನೋಡಿದ. ಮುಖ ಬಿಳಿಚಿಕೊಂಡಿತು. ಮೆಲ್ಲಗೆ ಫೋನು ಆರಿಸಿ, "ಹೌದು ಬಾಬೂಜಿ, ಬ್ಯಾಟರಿ ಇಲ್ಲ," ಎಂದ.

ಇತ್ತ ನನ್ನ ಎದೆಯ ಮೇಲಿನ ಭಾರ ಇಳಿಯಿತು. ಇವರಿಗೆ ಏನೂ ಆಗಿಲ್ಲ, ಇವರ ತಲೆ ನೆಟ್ಟಗಿದೆ! ಎಂಥ ನಾಚಿಕೆಗೆಟ್ಟ ಸಂತೋಷ ಅದು. ಎದುರಿಗೆ ಒಬ್ಬ ಮಗ ತನ್ನ ತಂದೆ ಕರಗುತ್ತಿರುವುದನ್ನು ಕಂಡು ಕೂತಿದ್ದ, ನಾನು ಒಳಗೊಳಗೇ ಶಿವನಿಗೆ ಕೈ ಮುಗಿಯುತ್ತಿದ್ದೆ.

ಗಲ್ಲಿಯ ತಿರುವಿನ ತನಕ ಪ್ರಕಾಶ ಕಳಿಸಲು ಬಂದ. ಗೋಡೆ ಹಿಡಿದು ನಿಂತು ಕೇಳಿದ, "ಯಾವಾಗಿನಿಂದ ಚಾಚೀಜಿ?"

"ಶ್ರಾವಣದಿಂದ."

"ಇಷ್ಟು ದಿನ ಚಾಚಾಜಿ..." ಮುಂದೆ ಹೇಳಲಾಗದೆ ಮುಖ ಮುಚ್ಚಿಕೊಂಡು ಅತ್ತ. ನಾನೂ ಅತ್ತೆ. ಅತ್ತು ಮುಗಿದ ಮೇಲೆ ಸಿಟ್ಟು ಬಂತು.

"ನೀನು ಜನರಿಗೆ ಹೇಳುತ್ತೀಯೇನಪ್ಪಾ, ತಪ್ಪು ಅವರದಲ್ಲ ಅಂತ?"

"ಜನರಿಗೆ ಹೇಳಿದರೆ ಸಂಜೆಯೊಳಗೆ ಬಾಬೂಜಿಗೆ ಗೊತ್ತಾಗುತ್ತದೆ. ನೀವೇ ಹೇಳಿ, ಏನು ಮಾಡಲಿ?"

ನನಗೇನು ಗೊತ್ತು ಏನು ಮಾಡಬೇಕೆಂದು? ಹಾಳಾಗಿ ಹೋಗು ಎಂದು ಬೈಯಬೇಕೆನ್ನಿಸಿತು. ಅವನು ನನ್ನ ಕಾಲು ಮುಟ್ಟಿ, ಚೈತ್ರದ ನವರಾತ್ರಿಯಲ್ಲಿ ದೇವಿಯ ಗುಡಿಯ ಹಾಜರಿಗೆ ಚಾಚಾಜಿಯನ್ನು ಕಳಿಸಿಕೊಡಿ ಎಂದು ಬೇಡಿಕೊಂಡ.

ಮನೆಗೆ ಬಂದು ಇವರಿಗೆ ಎಲ್ಲ ಹೇಳಿದೆ. ಬೈಯುತ್ತಾರೆಂದು ಕಾದೆ. ಇವರು ಒಂದೇ ಒಂದು ಮಾತು ಕೇಳಿದರು.

"ಮಹಾರಾಜರಿಗೆ ಗೊತ್ತಾತೇನು?"

"ಇಲ್ಲ. ಡಬ್ಬಿ ಕೆಟ್ಟೈತಿ ಅಂದ್ರು."

ಎಷ್ಟೋ ದಿನದ ಮೇಲೆ ಇವರು ನಕ್ಕರು. ನಕ್ಕು ಎದ್ದು ಪೇಟಿಯ ಮೇಲಿನ ಬಟ್ಟೆ ತೆಗೆದರು. ನನಗೆ ಮಾತ್ರ ಆ ದಿನದಿಂದ ಮತ್ತೆ ಹೆದರಿಕೆ ಹತ್ತಿತು. ಇನ್ನೊಮ್ಮೆ ಮೈಕಿನ ಮುಂದೆ ಕಿವಿ ಹಿಡಿಯಬೇಕಾಗಿ ಬಂದರೆ ನಾನು ಸುಮ್ಮನಿರುತ್ತೇನೆಂಬ ಭರವಸೆ ನನಗಿರಲಿಲ್ಲ.

ಹಾಜರಿಯ ಸಂಜೆ ಗುಡಿಯ ಅಂಗಳ ತುಂಬಿತ್ತು. ಇವರು ಪೇಟಿ ಹೊತ್ತು ಒಳಗೆ ಬಂದಾಗ ಮುಂದಿನ ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಅರೇ, ಇವನನ್ನು ಮತ್ತೆ ಕರೆದರೆ?" ಎಂದು ಒಬ್ಬ ನನ್ನ ಎದುರಿಗೇ ಅಂದ. ಮಹಾರಾಜರು ಬಂದು ಕೂತರು, ತಬಲಾ ಶ್ರುತಿ ಮಾಡಿದರು. ಶುರು ಮಾಡುವ ಮೊದಲು ಮೈಕನ್ನು ಬಾಯಿಯ ಹತ್ತಿರ ಎಳೆದುಕೊಂಡರು.

"ಇವನು ತೋಂಟೇಶ," ಎಂದು ಇವರ ಹೆಗಲ ಮೇಲೆ ಕೈ ಇಟ್ಟರು. "ಕರ್ನಾಟಕದವನು. ಮೂವತ್ತನಾಲ್ಕು ವರ್ಷ ನನ್ನ ಮಗ್ಗುಲಲ್ಲಿ ಕೂತಿದ್ದಾನೆ. ಈಗ ವಯಸ್ಸಾಯಿತು, ಲಯ ಸ್ವಲ್ಪ ಸಡಿಲಾಗಿದೆ. ನಿಮಗೂ ಗೊತ್ತು, ನನಗೂ ಗೊತ್ತು. ಯಂತ್ರ ಇಟ್ಟುಕೊಳ್ಳಿ ಅಂದರು. ನಾನು ಒಪ್ಪಲಿಲ್ಲ. ಇಷ್ಟು ವರ್ಷ ಸಮ್ ಕೊಟ್ಟವನು ಈಗ ಒಂದೆರಡು ಎಣಿಕೆ ಬಿಟ್ಟರೆ ಬಿಡಲಿ, ನಾನು ಸಂಭಾಳಿಸಿಕೊಳ್ಳುತ್ತೇನೆ. ಇವನ ತಪ್ಪು ಕೇಳಿಸಿದರೆ ನೀವು ನಗಬೇಡಿ. ನನ್ನ ಮೇಲಿನ ಪ್ರೀತಿಗಾಗಿ ಕ್ಷಮಿಸಿಬಿಡಿ."

ಅಂಗಳಕ್ಕೆ ಅಂಗಳವೇ "ಹರ ಹರ ಮಹಾದೇವ" ಎಂದು ಎದ್ದಿತು. ಕೆಲವರು ಕಣ್ಣೊರೆಸಿಕೊಂಡರು. ಪ್ರಕಾಶ ತಲೆ ತಗ್ಗಿಸಿ ಜಮಖಾನೆಯನ್ನೇ ನೋಡುತ್ತಿದ್ದ. ಇವರು ಬಗ್ಗಿ ಮಹಾರಾಜರ ಕಾಲು ಮುಟ್ಟಿ, ಜನರ ಕಡೆ ತಿರುಗಿ ಕೈ ಮುಗಿದರು. ನಾನು ಇವರ ಮುಖ ಹುಡುಕಿದೆ, ಸಿಟ್ಟೋ ನೋವೋ ಏನಾದರೂ ಇರಬೇಕಲ್ಲ ಎಂದು. ಏನೂ ಇರಲಿಲ್ಲ. ಆಗಲೇ ಇವರ ಕಣ್ಣು ಮಹಾರಾಜರ ಬೆರಳುಗಳ ಮೇಲಿತ್ತು.

ಮಗ್ಗುಲಲ್ಲಿ ಕೂತ ಹೆಂಗಸು ನನ್ನ ಗುರುತು ಹಿಡಿದು ಮೊಣಕೈ ಮುಟ್ಟಿದಳು. "ನಿಮ್ಮ ಮನೆಯವರು ಪುಣ್ಯ ಮಾಡಿದ್ದಾರೆ ಬೆಹೆನ್‌ಜೀ. ಈ ಕಾಲದಲ್ಲಿ ಇಂಥ ಗುರು ಯಾರಿಗೆ ಸಿಗುತ್ತಾರೆ?"

ಪೇಟಿ ಶುರುವಾಗಿತ್ತು.

"ಹೌದು," ಎಂದೆ. "ಯಾರಿಗೂ ಸಿಗುವುದಿಲ್ಲ."